ಟೀವಿಯ ವೈರು ಸೊಸೆಯ ಚೀಲದಲ್ಲಿ

ಫೆಬ್ರವರಿ 2

ಇವತ್ತಿನಿಂದ ಮೂರು ತಿಂಗಳು ಮನೆಯಲ್ಲಿ ಟೀವಿ ಬಂದ್. ಸೊಸೆ ಅದರ ವೈರನ್ನೇ ಕಿತ್ತು, ಸುತ್ತಿ, ಕೆಲಸಕ್ಕೆ ಒಯ್ಯುವ ಚೀಲದಲ್ಲಿ ಹಾಕಿಕೊಂಡಳು.

ಕಾರಣ ಮೊಮ್ಮಗಳು. ಅವಳನ್ನು ಎಲ್ಲರೂ ಬಟಾಣಿ ಅನ್ನುತ್ತೇವೆ. ವಯಸ್ಸು ಮೂರೂಮುಕ್ಕಾಲು, ಬಾಯಲ್ಲಿರುವುದು ಏಳೇ ಮಾತು. ಅಮ್ಮ, ಅಪ್ಪ, ಹಾಲು, ಬಾ, ತಾ, ಬೇಡ, ಆಮೇಲೆ ಒಂದು ಸೋಪಿನ ಹೆಸರು. ಕಿವಿ ಸರಿಯಾಗಿದೆ, ನಾಲಿಗೆ ಸರಿಯಾಗಿದೆ ಅಂತ ಪರೀಕ್ಷೆ ಮಾಡಿದವರು ಹೇಳಿದ್ದಾರೆ. ಇವತ್ತು ಎಲ್ಲರೂ ಮಾತು ಕಲಿಸುವ ಮೇಡಂ ಹತ್ತಿರ ಹೋಗಿದ್ದೆವು.

"ಹಗಲೆಲ್ಲ ಮಗು ಯಾರ ಜೊತೆ ಇರುತ್ತೆ?" ಅಂತ ಮೇಡಂ ಕೇಳಿದರು. ನನ್ನ ಜೊತೆ ಎಂದೆ. ಮಗ ಲಿಫ್ಟ್ ರಿಪೇರಿಗೆ ಹೋಗುತ್ತಾನೆ, ಸೊಸೆ ಔಷಧಿ ಅಂಗಡಿಗೆ.

"ಅವಳ ಜೊತೆ ಯಾರು ಮಾತಾಡ್ತಾರೆ?"

"ಟೀವಿ" ಎಂದೆ. ಕೇಳಿದರು, ಇದ್ದದ್ದನ್ನು ಹೇಳಿದೆ. ಸೊಸೆ ನನ್ನ ಕಡೆ ನೋಡಿದ ನೋಟ ಮಾತ್ರ ಇನ್ನೂ ಚುಚ್ಚುತ್ತಿದೆ.

"ಟೀವಿಯೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಅದು ಮಗು ಹೇಳಿದ್ದನ್ನ ಕೇಳಿಸಿಕೊಳ್ಳಲ್ಲ, ತಿರುಗಿ ಉತ್ತರ ಕೊಡಲ್ಲ. ಮೂರು ತಿಂಗಳು ಆರಿಸಿ ನೋಡೋಣ" ಎಂದರು ಮೇಡಂ. ಆಗಲೂ ಮಾತು ಬರದಿದ್ದರೆ ದೊಡ್ಡ ಕೇಂದ್ರಕ್ಕೆ ಕಳಿಸಬೇಕಂತೆ. ಅದು ಇರುವುದು ರೈಲಿನಲ್ಲಿ ಒಂದು ಹಗಲಿನ ದೂರ. ಒಂದು ವರ್ಷ ಅಲ್ಲೇ ಇರಬೇಕು. ಸೊಸೆ ಕೆಲಸ ಬಿಟ್ಟು ಬಟಾಣಿಯನ್ನು ಕರೆದುಕೊಂಡು ಹೋಗುವುದು, ಇಲ್ಲಿ ನಾನೂ ನನ್ನ ಮಗನೂ ಗೋಡೆ ನೋಡುವುದು.

ಈಗ ಏಳೂವರೆ. ಬೇರೆ ದಿನವಾಗಿದ್ದರೆ ಧಾರಾವಾಹಿ ಶುರುವಾಗುತ್ತಿತ್ತು. ಕೈ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ. ಔಷಧಿ ಅಂಗಡಿಯವರು ಸೊಸೆಗೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಅಡಿಯಲ್ಲೂ ಗ್ಯಾಸಿನ ಮಾತ್ರೆಯ ಚಿತ್ರ ಇದೆ.

ಫೆಬ್ರವರಿ 3

ಟೀವಿ ಇಲ್ಲ. ಊಟ ಮಾಡಿದೆ. ಮಲಗುತ್ತೇನೆ.

ಫೆಬ್ರವರಿ 4

ಟೀವಿ ಇಲ್ಲ.

ಫೆಬ್ರವರಿ 6

ಇಷ್ಟು ದಿನ ನಾವು ನಾಲ್ಕೂ ಜನ ಸೋಫಾದ ಮೇಲೆ ಒಂದೇ ಸಾಲಿನಲ್ಲಿ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಇವತ್ತು ಸೊಸೆ ಸೋಫಾವನ್ನು ತಿರುಗಿಸಿ ಎದುರಿಗೆ ಎರಡು ಕುರ್ಚಿ ಹಾಕಿದಳು. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಎಲ್ಲಿ ನೋಡಬೇಕೋ ತಿಳಿಯದೆ ನಾನು ಉಪ್ಪಿನ ಡಬ್ಬಿಯನ್ನೇ ನೋಡುತ್ತಾ ಕೂತೆ.

ಮಗ ನನ್ನನ್ನು ದಿಟ್ಟಿಸಿ, "ಅಪ್ಪಾ, ಮೀಸೆ ಯಾವಾಗ ತೆಗೆಸಿದೆ?" ಎಂದ.

ತೆಗೆಸಿ ಎಂಟು ತಿಂಗಳಾಯಿತು.

ಫೆಬ್ರವರಿ 9

ಮೇಡಂ ಹೇಳಿದ ಪಾಠ: ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತಾ ಮಾಡಬೇಕು. "ಈರುಳ್ಳಿ ಹೆಚ್ಚುತ್ತಿದ್ದೇನೆ" ಎಂದೆ ಬಟಾಣಿಗೆ. ಹೇಳಿ ನನಗೇ ನಾಚಿಕೆಯಾಯಿತು. ಹೆಚ್ಚುವುದು ಅವಳಿಗೆ ಕಾಣುತ್ತಲೇ ಇತ್ತು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು. ನನ್ನ ತಲೆಯ ಹಿಂದೆ ಒಂದು ಬೋರ್ಡು ಇರುತ್ತಿತ್ತು, 'ಚಾಲಕರೊಂದಿಗೆ ಮಾತನಾಡಬೇಡಿ' ಅಂತ. ಜನ ಬೇರೆ ಯಾವ ನಿಯಮ ಮುರಿದರೂ ಅದೊಂದನ್ನು ಪಾಲಿಸಿದರು. ಮನೆಗೆ ಬಂದರೆ ಮಾತೆಲ್ಲ ನನ್ನ ಹೆಂಡತಿಯದು, ಹೂಂಗುಟ್ಟುವುದು ನನ್ನ ಪಾಲು. ಅವಳು ಹೋಗಿ ಆರು ವರ್ಷವಾಯಿತು. ಅಂದಿನಿಂದ ಮನೆಯ ಮಾತನ್ನು ಟೀವಿ ವಹಿಸಿಕೊಂಡಿದೆ. ಅದಕ್ಕೆ ಹೂಂ ಅನ್ನುವ ಕಷ್ಟವೂ ಇರಲಿಲ್ಲ.

ಮಧ್ಯಾಹ್ನ ಬಟಾಣಿ ನನ್ನ ಬೆರಳು ಹಿಡಿದು ಟೀವಿಯ ಮುಂದೆ ಕರೆದುಕೊಂಡು ಹೋದಳು. ಅದರ ಮುಖಕ್ಕೆ ಎರಡು ಸಲ ತಟ್ಟಿ "ಬಾ" ಎಂದಳು. ನನಗೂ ಹಾಗೇ ತಟ್ಟಬೇಕೆನಿಸಿತು.

ಫೆಬ್ರವರಿ 15

ಒಂದು ವಿಷಯ ಯಾರಿಗೂ ಹೇಳಿಲ್ಲ. ಮನೆಯವರೆಲ್ಲ ನಾನು ಸುದ್ದಿ ನೋಡುತ್ತೇನೆ ಅಂದುಕೊಂಡಿದ್ದಾರೆ. ಸುದ್ದಿಯೂ ನೋಡುತ್ತೇನೆ. ಆದರೆ ಏಳೂವರೆಯ ಧಾರಾವಾಹಿ ಬಿಟ್ಟು ನನಗೆ ಅನ್ನ ಇಳಿಯುವುದಿಲ್ಲ. ಅದರಲ್ಲಿ ದೊಡ್ಡಮನೆಯ ಕಪಟಿ ಚಿಕ್ಕಪ್ಪ ಮನೆಯ ಪತ್ರಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾನೆ. ಕಿರಿಸೊಸೆಗೆ ಅನುಮಾನ ಬಂದಿದೆ. ಅವಳು ಅಡುಗೆಮನೆಗೆ ಹೋಗಲೆಂದು ಮೆಟ್ಟಿಲಿಳಿಯುತ್ತಿದ್ದಾಗಲೇ ನಮ್ಮ ಮನೆಯ ವೈರು ಕಿತ್ತದ್ದು. ಹದಿಮೂರು ದಿನವಾಯಿತು. ಡಬ್ಬಿ ತೆಗೆದಳೋ ಇಲ್ಲವೋ ಅನ್ನುವ ಯೋಚನೆಯಲ್ಲಿ ತಲೆ ಚಿಟ್ಟು ಹಿಡಿದಿದೆ.

ಇವತ್ತು ತಡೆಯಲಾರದೆ ಬಟಾಣಿಗೇ ಹೇಳಿಕೊಂಡೆ. ಬೇರೆ ಯಾರಿದ್ದಾರೆ? ಚಿಕ್ಕಪ್ಪನ ಕಥೆಯೆಲ್ಲ ಹೇಳಿದೆ. ಅವಳು ಬಾಯಿ ತೆರೆದುಕೊಂಡು ಕೇಳಿದಳು. ಹಿಟ್ಟಿನ ಡಬ್ಬಿಯವರೆಗೆ ಬಂದು ನಿಲ್ಲಿಸಿದೆ. ಅವಳು ನನ್ನ ಕಿವಿ ಹಿಡಿದು ಎಳೆದಳು. ಮುಂದೆ ಏನು ಅಂತ ನನಗೆ ಗೊತ್ತಿದ್ದರಲ್ಲವೇ? ಹೋಗಲಿ ಅಂತ ಚಿಕ್ಕಪ್ಪ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಓಡಿಹೋದ ಎಂದೆ. ಓಡಿ ಎಲ್ಲಿಗೆ ಹೋದ? ಬಸ್‌ ಸ್ಟಾಪಿಗೆ. ಬಸ್ಸಾದರೆ ನನಗೆ ಗೊತ್ತಿರುವ ಸಂಗತಿ. ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ.

ಫೆಬ್ರವರಿ 21

ಚಿಕ್ಕಪ್ಪ ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ನನ್ನ ಬಸ್ಸು ಹತ್ತಿದ್ದಾನೆ. ಕೊನೆಯ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಕಿರಿಸೊಸೆ ಅವನನ್ನು ಅಟ್ಟಿಸಿಕೊಂಡು ಬಂದು ಹತ್ತಿರದ ಸ್ಟಾಪಿನಲ್ಲಿ ಹತ್ತಿದಳು. ಆದರೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹಿಂದೆ ಹೋಗಲಾರಳು. ಅದೇ ಧಾರಾವಾಹಿಯ, ಸೇದುಬಾವಿಯಂಥ ಬಾಯಿಯ ಅತ್ತೆ ಮುಂದಿನ ಸ್ಟಾಪಿನಲ್ಲಿ ಹತ್ತಿ ಕಿಟಕಿ ಪಕ್ಕದ ಸೀಟಿಗಾಗಿ ಜಗಳ ತೆಗೆದಿದ್ದಾಳೆ.

ನಾಲ್ಕು ಕುರ್ಚಿ ಸಾಲಾಗಿ ಹಾಕಿದ್ದೇವೆ. ಸ್ಟೀರಿಂಗಿಗೆ ಊಟದ ತಟ್ಟೆ. ಬಟಾಣಿ ನನ್ನ ಹಿಂದಿನ ಕುರ್ಚಿಯಲ್ಲಿ ನಿಂತು, ಸ್ಟಾಪು ಬಂದಾಗಲೆಲ್ಲ ಬಾಯಲ್ಲಿ 'ಸ್ಶ್ಶ್ಶ್' ಅಂತ ಬ್ರೇಕಿನ ಗಾಳಿ ಬಿಡುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ. ಮೂವತ್ತೊಂದು ವರ್ಷ ನಾನು ಒತ್ತಿದ ಬ್ರೇಕಿಗಿಂತ ಅವಳದು ಚೆನ್ನಾಗಿದೆ.

ಸಂಜೆ ಸೊಸೆ ಬಂದು ಕುರ್ಚಿಗಳನ್ನು ನೋಡಿದಳು. "ಮಾವ, ಇದೇನಿದು?" ಎಂದಳು. ಗುಡಿಸಲಿಕ್ಕೆ ಎಳೆದದ್ದು ಎಂದೆ. ಅರವತ್ತೈದು ವರ್ಷದವನು ತಟ್ಟೆ ತಿರುಗಿಸುತ್ತಾ ಕೂತಿದ್ದೆ ಅಂತ ಹೇಗೆ ಹೇಳುವುದು?

ಮಾರ್ಚ್ 3

ಇವತ್ತು ದೇವರು ಕಣ್ಣು ಬಿಟ್ಟ.

ನಮ್ಮ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ, ಒಂದು ಇಸ್ತ್ರಿ ಅಂಗಡಿ ಇದೆ. ನಡೆಸುವಾಕೆಯನ್ನು ಕಟ್ಟಡದ ಚಿಕ್ಕವರು ದೊಡ್ಡವರೆಲ್ಲ ಇಸ್ತ್ರಿ ಅಕ್ಕ ಅನ್ನುತ್ತಾರೆ. ಮಧ್ಯಾಹ್ನ ಮಗನ ಶರ್ಟು ಕೊಡಲು ಬಟಾಣಿಯನ್ನು ಎತ್ತಿಕೊಂಡು ಹೋದೆ. ಮೇಲಿನ ಹಲಗೆಯ ಮೇಲೆ ಒಂದು ಪುಟ್ಟ ಟೀವಿ. ಅದರಲ್ಲಿ ನನ್ನ ಕಿರಿಸೊಸೆ! ನಿನ್ನೆಯದನ್ನು ಇವತ್ತು ಮಧ್ಯಾಹ್ನ ಒಂದೂವರೆಗೆ ಮತ್ತೆ ಹಾಕುತ್ತಾರಂತೆ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ.

"ಏನು ಡ್ರೈವರಣ್ಣ, ನಿಂತೇ ಬಿಟ್ರಿ?"

"ಶರ್ಟು..." ಎಂದೆ.

"ಕೊಟ್ಟಾಯ್ತಲ್ಲ."

"ಆಗೋವರೆಗೂ ಕಾಯ್ತೀನಿ."

ಅಕ್ಕ ನನ್ನ ಮುಖ ನೋಡಿದಳು, ಟೀವಿ ನೋಡಿದಳು, ನಕ್ಕು ಒಂದು ಸ್ಟೂಲು ತಳ್ಳಿದಳು. ಅರ್ಥ ಮಾಡಿಕೊಳ್ಳುವವರಿಗೆ ಹೆಚ್ಚು ಮಾತು ಬೇಕಾಗಿಲ್ಲ.

ಮಾರ್ಚ್ 4

ಪ್ಯಾಂಟುಗಳನ್ನು ಇಸ್ತ್ರಿ ಮಾಡಿಸಿದೆ.

ಮಾರ್ಚ್ 5

ದಿಂಬಿನ ಕವರುಗಳನ್ನು ಇಸ್ತ್ರಿ ಮಾಡಿಸಿದೆ.

ಮಾರ್ಚ್ 7

ಇಸ್ತ್ರಿ ಮಾಡಿಸಲು ಮನೆಯಲ್ಲಿ ಏನೂ ಉಳಿದಿಲ್ಲ. ನಿನ್ನೆ ಮಾಡಿಸಿದ ಶರ್ಟನ್ನೇ ಮಂಚದ ಮೇಲೆ ಹಾಸಿ ಅದರ ಮೇಲೆ ಕೂತೆ. ಬಟಾಣಿ ಬಂದು ಅದರ ಮೇಲೆ ಕುಣಿದಳು. ಕೆಲಸ ಬೇಗ ಮುಗಿಯಿತು.

ಅವಳನ್ನು ಬಿಟ್ಟು ಹೋಗುವಂತಿಲ್ಲ, ಕರೆದುಕೊಂಡೇ ಹೋಗುತ್ತೇನೆ. ಟೀವಿಗೆ ಬೆನ್ನು ಮಾಡಿ ಕೂರಿಸುತ್ತೇನೆ, ಆದರೂ ಕುತ್ತಿಗೆ ತಿರುಗಿಸುತ್ತಾಳೆ. ಮನೆಯಲ್ಲಿ ತಿಳಿಯುವ ಭಯವೇನೂ ಇಲ್ಲ. ಅವಳು ಯಾರಿಗೂ ಹೇಳುವುದಿಲ್ಲ. ಹೇಳಲು ಅವಳ ಹತ್ತಿರ ಇರುವುದು ಏಳೇ ಮಾತು.

ಮೇಲಿನ ಸಾಲನ್ನು ಬರೆದು ಓದಿ ನೋಡಿದೆ. ಒಳ್ಳೆಯ ಮನುಷ್ಯ ಬರೆಯುವ ಸಾಲಲ್ಲ ಅದು.

ಮಾರ್ಚ್ 11

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮೊದಲು ಇದನ್ನು ಹೇಳಬೇಕು. ಒಂದು ವಾರದಿಂದ ನೋಡುತ್ತಿದ್ದೇನೆ, ಕಿರಿಸೊಸೆ ಇನ್ನೂ ಡಬ್ಬಿ ತೆಗೆದಿಲ್ಲ. ಫೆಬ್ರವರಿಯಲ್ಲಿ ಇಳಿಯುತ್ತಿದ್ದ ಮೆಟ್ಟಿಲನ್ನೇ ಇನ್ನೂ ಇಳಿಯುತ್ತಿದ್ದಾಳೆ. ಒಂದು ಮೆಟ್ಟಿಲು ಇಳಿದರೆ ಮನೆಯ ಪ್ರತಿಯೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸುತ್ತಾರೆ. ಇಂಥದ್ದಕ್ಕಾಗಿ ನಾನು ಶರ್ಟಿನ ಮೇಲೆ ಕೂತೆನಲ್ಲ ಅಂತ ಬೇಸರವಾಯಿತು.

ಇವತ್ತು ಚಿಕ್ಕಪ್ಪನ ಮುಖ ಬಂದಾಗ ಬಟಾಣಿ ನನ್ನ ತೊಡೆಯಿಂದ ಜಾರಿ ಇಳಿದಳು. ಟೀವಿಯ ಕಡೆ ಬೆರಳು ತೋರಿಸಿ, ನನ್ನ ಮುಖ ನೋಡಿ, "ಬಸ್ಸೆಲ್ಲಿ?" ಎಂದಳು.

ನನಗೆ ನಂಬಿಕೆಯಾಗಲಿಲ್ಲ. "ಏನಂದೆ ಮರಿ?" ಎಂದೆ.

"ಬಸ್ಸೆಲ್ಲಿ? ಡಬ್ಬಿ ಎಲ್ಲಿ?" ಎಂದಳು, ರೇಗಿಕೊಂಡು.

ಇಸ್ತ್ರಿ ಅಕ್ಕನ ಪೆಟ್ಟಿಗೆ ಬಟ್ಟೆಯ ಮೇಲೇ ನಿಂತಿತು. ಯಾರದೋ ಪ್ಯಾಂಟು ಸ್ವಲ್ಪ ಸುಟ್ಟಿತು. ಅಕ್ಕ ಅದನ್ನು ಲೆಕ್ಕಕ್ಕೇ ತರಲಿಲ್ಲ. "ಡ್ರೈವರಣ್ಣ, ಮಗು ಮಾತಾಡ್ತು!" ಅಂತ ಕೂಗಿದಳು. ನಾನು ಬಟಾಣಿಯನ್ನು ಎತ್ತಿ ಅಂಗಡಿಯ ತುಂಬ ತಿರುಗಿಸಿದೆ. ನೇತುಹಾಕಿದ್ದ ಬಟ್ಟೆಗಳೆಲ್ಲ ಅವಳ ಕಾಲಿಗೆ ತಾಗಿ ಬಿದ್ದವು.

ಮೂರನೇ ಮಹಡಿಗೆ ಒಂದೇ ಉಸಿರಿಗೆ ಹತ್ತಿದೆ. ಸೊಸೆಗೆ ಫೋನು ಮಾಡಲು ಕೈಗೆತ್ತಿಕೊಂಡೆ. ಆಗ ನೆನಪಾಯಿತು. ಎಲ್ಲಿ ಮಾತಾಡಿದಳು ಅಂತ ಕೇಳಿದರೆ? ಏನು ನೋಡಿ ಮಾತಾಡಿದಳು ಅಂತ ಕೇಳಿದರೆ?

ಫೋನು ಕೆಳಗಿಟ್ಟೆ.

ಮಾರ್ಚ್ 12

"ಬಟಾಣಿ, ಬಸ್ಸೆಲ್ಲಿ?" ಎಂದೆ, ಸೊಸೆಯ ಎದುರಿಗೆ. ಬಟಾಣಿ ಸೋಪಿನ ಹೆಸರು ಹೇಳಿದಳು.

ಮಾರ್ಚ್ 13

ಸೊಸೆ ಊಟವಾದ ಮೇಲೆ ಅಂಗಡಿಯ ಮಾಲೀಕರಿಗೆ ಕಾಗದ ಬರೆಯುತ್ತಾ ಕೂತಿದ್ದಳು. ಮೇ ತಿಂಗಳಲ್ಲಿ ದೊಡ್ಡ ಕೇಂದ್ರದಲ್ಲಿ ಒಂದು ಜಾಗ ಖಾಲಿಯಾಗುತ್ತದಂತೆ, ಮೇಡಂ ಅದನ್ನು ಬಟಾಣಿಗೆ ಹಿಡಿದಿಟ್ಟಿದ್ದಾರೆ. "ಒಂದು ವರ್ಷ ರಜ ಕೇಳ್ತಿದೀನಿ ಮಾವ. ಕೊಡಲ್ಲ, ಗೊತ್ತು. ಕೇಳಿ ನೋಡೋದು" ಎಂದಳು. ಅಷ್ಟು ಹೇಳಿ ಪೆನ್ನಿನ ಮುಚ್ಚಳವನ್ನು ಹಾಕುವುದು ತೆಗೆಯುವುದು ಮಾಡುತ್ತಾ ಕೂತಳು. ಕಣ್ಣು ತುಂಬಿತ್ತು.

ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. 'ಅಮ್ಮಾ, ಅವಳು ಮಾತಾಡಿದ್ದಾಳೆ, ಅಳಬೇಡ' ಅಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬಸ್ಸಿನ ಬ್ರೇಕು ಫೇಲಾದಾಗಲೂ ಹೆದರದವನು ಸೊಸೆಯ ಮುಂದೆ ಹೆದರಿದೆ. ಹೇಡಿ.

ಮಾರ್ಚ್ 16

ಸಿಕ್ಕಿಬಿದ್ದೆ. ಪ್ರಪಂಚದಲ್ಲಿ ಯಾವ ಕಳ್ಳನೂ ಇಷ್ಟು ಸಂತೋಷದಿಂದ ಸಿಕ್ಕಿಬಿದ್ದಿರಲಾರ.

ಇವತ್ತು ಊಟಕ್ಕೆ ಕೂತಾಗ ಬಾಯಿಬಿಟ್ಟು ಹೇಳಿಬಿಡಬೇಕು ಅಂತ ಬೆಳಗಿನಿಂದ ಗಟ್ಟಿ ಮಾಡಿಕೊಂಡಿದ್ದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸೊಸೆಯೇ ಶುರು ಮಾಡಿದಳು. "ಮಾವ, ಇದೇನು, ದಿನಾ ಇಸ್ತ್ರಿ? ದಿಂಬಿನ ಕವರಿಗೆ ಇಸ್ತ್ರಿ, ಟವೆಲ್ಲಿಗೆ ಇಸ್ತ್ರಿ. ನಿನ್ನೆ ನೆಲ ಒರೆಸೋ ಬಟ್ಟೆ ಕೂಡ ಮಡಿಕೆ ಹಾಕಿ ಇಟ್ಟಿತ್ತು."

"ಬಟ್ಟೆ ಸುಕ್ಕಾಗಿದ್ರೆ..." ಎಂದೆ.

"ತಾತ ಮಾಡ್ತು" ಅಂತ ಒಂದು ದನಿ ಬಂತು.

ಎಲ್ಲರೂ ತಿರುಗಿ ನೋಡಿದೆವು. ಬಟಾಣಿ ಬಾಯಲ್ಲಿದ್ದ ಅನ್ನ ನುಂಗಿ, ಕೈಯನ್ನು ಗಾಳಿಯಲ್ಲಿ ಹಿಚುಕಿ ತೋರಿಸುತ್ತಾ, "ತಾತ ಬಟ್ಟೆ ಸುಕ್ಕು ಮಾಡ್ತು. ನಾನೂ ಮಾಡ್ದೆ. ತಾತ ಟೀವಿ ನೋಡ್ತು. ಇಸ್ತ್ರಿ ಅಕ್ಕ ಟೀವಿ. ಚಿಕ್ಕಪ್ಪ ಬಸ್ ಹತ್ತಿಲ್ಲ" ಎಂದಳು. ಆಮೇಲೆ ಮತ್ತೊಂದು ತುತ್ತು ಬಾಯಿಗಿಟ್ಟುಕೊಂಡಳು.

ಸೊಸೆಯ ಕೈಯಿಂದ ಸೌಟು ಬಿತ್ತು. ಮಗ ಎದ್ದು ನಿಂತ, ಕೂತ, ಮತ್ತೆ ಎದ್ದ. ಸೊಸೆ ಬಟಾಣಿಯನ್ನು ಅನ್ನದ ಮುಖದ ಸಮೇತ ಅಪ್ಪಿಕೊಂಡು, ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. "ಇನ್ನೊಂದ್ಸಲ ಹೇಳು ಕಂದಾ, ತಾತ ಏನ್ ಮಾಡ್ತು? ಎಲ್ಲಿ ನೋಡ್ತು?" ಬಟಾಣಿ ಪೂರ್ತಿ ದೂರನ್ನು ಮೊದಲಿನಿಂದ ಒಪ್ಪಿಸಿದಳು. ಎರಡನೇ ಸಲ ಹೇಳುವಾಗ ನನ್ನ ಸ್ಟೂಲನ್ನೂ ಸೇರಿಸಿದಳು.

ನನಗೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ತಾತ ಅಂದಳಲ್ಲ! ಆ ಏಳು ಮಾತಿನಲ್ಲಿ ನಾನು ಇರಲಿಲ್ಲ. ದೂರು ಹೇಳಲಿಕ್ಕಾದರೂ ಸರಿ, ಕರೆದಳು.

ಬೈಗುಳ ಬರಲು ಅರ್ಧ ಗಂಟೆ ಹಿಡಿಯಿತು. ಬಂದಾಗ ಸರಿಯಾಗಿಯೇ ಬಂತು. ಅಂಗಡಿಯಲ್ಲಿ ಅವಳು ಮೊದಲು ಮಾತಾಡಿದ್ದನ್ನೂ ನಾನೇ ಒಪ್ಪಿಕೊಂಡೆ. "ಮಗು ಮಾತಾಡಿ ಐದು ದಿನ ಆದ್ರೂ ನನಗೆ ಹೇಳಲಿಲ್ವಲ್ಲ ಮಾವ" ಎಂದಳು ಸೊಸೆ. ತಲೆ ತಗ್ಗಿಸಿ ತಪ್ಪಾಯಿತಮ್ಮ ಎಂದೆ. ಸೊಸೆ ಮೂಗೊರೆಸಿಕೊಂಡು, "ಚಿಕ್ಕಪ್ಪ ಬಸ್ ಹತ್ತಿಲ್ಲ ಅಂದ್ಲಲ್ಲ, ಅದೇನು?" ಎಂದಳು. ತಟ್ಟೆ ತೊಳೆದು ತಂದು, ಕುರ್ಚಿ ಸಾಲು ಮಾಡಿ, ತೋರಿಸಲೇಬೇಕಾಯಿತು. ಮಗನಿಗೆ ಕೊನೆಯ ಸೀಟು ಸಿಕ್ಕಿತು. ಚಿಕ್ಕಪ್ಪನ ಪಾತ್ರ ಅವನದೇ ಅಂತ ಬಟಾಣಿ ಬೆರಳು ತೋರಿಸಿದಳು. ಸಕ್ಕರೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅವನು ಕಣ್ಣು ತಿರುಗಿಸಿದ ರೀತಿ ನೋಡಿ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮಗನಿಗೆ ಇಂಥ ಚೇಷ್ಟೆ ಬರುತ್ತದೆ ಅಂತ ನನಗೆ ಇವತ್ತೇ ತಿಳಿದದ್ದು.

ಮಾರ್ಚ್ 19

ಒಂದೂವರೆಗೆ ಇಸ್ತ್ರಿ ಅಂಗಡಿಗೆ ಹೋಗಬಾರದು ಅಂತ ಸೊಸೆಯ ಆಜ್ಞೆ. ಹೋಗಲಿಲ್ಲ. ಅಂಗಡಿಯೇ ಮೇಲೆ ಬಂತು. ಇಸ್ತ್ರಿ ಅಕ್ಕ ಬಟ್ಟೆ ಗಂಟು ಕೊಡುವ ನೆಪದಲ್ಲಿ ಬಾಗಿಲಲ್ಲಿ ನಿಂತು, "ಡ್ರೈವರಣ್ಣ, ಬಟಾಣಿ ಅವತ್ತು ಕೇಳಿದ್ಲಲ್ಲ, ಆ ಬಸ್ಸಿನ ಕಥೆ ಎಲ್ಲಿಗೆ ಬಂತು? ನಮ್ಮ ಟೀವಿಯವಳು ಇನ್ನೂ ಮೆಟ್ಟಿಲಲ್ಲೇ ಇದಾಳೆ" ಎಂದಳು. ಬಂದು ಕೂರಿ ಎಂದೆ. ಸೇತುವೆ ದಾಟುವವರೆಗೆ ಹೇಳಿದೆ. ಅತ್ತೆಗೆ ಕಿಟಕಿ ಸೀಟು ಕೊಡಲೇಬೇಕು ಅಂತ ಅಕ್ಕ ಹಟ ಹಿಡಿದಳು, ಬಟಾಣಿ "ಬೇಡ" ಎಂದಳು. ಇಬ್ಬರೂ ಜಗಳವಾಡಿದರು. ನಾನು ಬಸ್ಸು ಪಕ್ಕಕ್ಕೆ ಹಾಕಿ ಪಂಚಾಯ್ತಿ ಮಾಡಬೇಕಾಯಿತು.

ಏಪ್ರಿಲ್ 6

ಕೆಟ್ಟ ದಿನ. ಮೇಡಂ ಹತ್ತಿರ ನಡುವಿನ ಪರೀಕ್ಷೆಗೆ ಹೋಗಿದ್ದೆವು. ಬಟಾಣಿ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಟ್ಟಳು.

ಮೇಡಂ ಒಂದು ಗೊಂಬೆ ತೋರಿಸಿ ಇದೇನು ಅಂದರು. ಇದು ನಾಯಿ, ನಮ್ಮ ರಸ್ತೆಯಲ್ಲೂ ಇಂಥದೇ ಒಂದಿದೆ, ಅದಕ್ಕೆ ಒಂದು ಕಿವಿ ಇಲ್ಲ, ಬಟಾಣಿಗೆ ಅದನ್ನು ಕಂಡರೆ ಬಲು ಇಷ್ಟ ಅಂತ ನಾನು ಹೇಳಿದೆ. ಚಿತ್ರ ತೋರಿಸಿದರು. ಅದರಲ್ಲಿರುವುದು ಮೂರು ಬಾಗಿಲ ಬಸ್ಸು, ಅಂಥದ್ದನ್ನು ಊರೊಳಗೆ ತಿರುಗಿಸುವುದು ಎಷ್ಟು ಕಷ್ಟ ಅಂತ ಮೇಡಂಗೆ ವಿವರಿಸಿದೆ. ಅವರಿಗೆ ಗೊತ್ತಿರಲಿಲ್ಲ. ಮಗುವಿಗೆ ಏನು ತಿನ್ನಲು ಇಷ್ಟ ಅಂದರು. ಅದನ್ನೂ ಹೇಳಿದೆ.

ಕೊನೆಗೆ ಮೇಡಂ ಪೆನ್ನು ಕೆಳಗಿಟ್ಟು, "ಯಜಮಾನ್ರೇ, ನೀವು ಸ್ವಲ್ಪ ಸುಮ್ಮನಿದ್ರೆ ಅವಳಿಗೂ ಒಂದು ಅವಕಾಶ ಸಿಗುತ್ತೆ" ಎಂದರು.

ನನಗೆ! ಸುಮ್ಮನಿರಿ ಅಂತ ನನಗೆ! ಜೀವಮಾನದಲ್ಲಿ ನಾನು ಒಂದು ಮಾತು ಹೆಚ್ಚು ಆಡಿದವನಲ್ಲ. ಮೇಡಂಗೆ ಯಾರನ್ನೋ ನೋಡಿ ಯಾರೋ ಅನಿಸಿರಬೇಕು. ಮಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೆಮ್ಮಿದ. ಅವನಿಗೆ ಕೆಮ್ಮು ಇದ್ದದ್ದು ನಾನು ನೋಡಿಲ್ಲ.

ದೊಡ್ಡ ಕೇಂದ್ರದ ಜಾಗ ಹಾಗೇ ಇರಲಿ, ಮೇ ಮೂರಕ್ಕೆ ತೀರ್ಮಾನ ಅಂದರು. ಹೊರಗೆ ಬಂದ ಕೂಡಲೇ ಬಟಾಣಿ "ಮೇಡಂ ಬಳೆ ಚೆನ್ನಾಗಿದೆ" ಎಂದಳು. ಒಳಗೆ ಹೇಳಬಾರದಿತ್ತೇ ತಾಯಿ!

ಏಪ್ರಿಲ್ 14

ಹೊಸ ಪದ್ಧತಿ. ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ನಾನು ಬಾಯಿ ಮುಚ್ಚಿಕೊಂಡು ಕೂರುವುದು. ಯಾರು ಹತ್ತಿದರು, ಯಾರು ಇಳಿದರು ಅಂತ ಬಟಾಣಿ ಹೇಳಿದರೆ ಮಾತ್ರ ಮುಂದೆ. ಮೇಡಂ ಅಂದದ್ದನ್ನು ಯೋಚಿಸಿ ನಾನೇ ಕಂಡುಹಿಡಿದದ್ದು. ಎಷ್ಟು ಕಷ್ಟ ಅಂತ ಮಾಡಿದವನಿಗೇ ಗೊತ್ತು! ತುಟಿ ಕಚ್ಚಿಕೊಂಡು ಕೂರಬೇಕು. ನಾಲಿಗೆಯ ಮೇಲೆ ಮಾತು ಕುಣಿಯುತ್ತಿರುತ್ತದೆ. ಮೊದಲ ದಿನ ಒಂದೇ ಸ್ಟಾಪಿನಲ್ಲಿ ಹಾಲು ಉಕ್ಕಿ ಚೆಲ್ಲುವವರೆಗೆ ಕಾದೆ. ಒಲೆಯ ಮೇಲೆ ಇಟ್ಟದ್ದೇ ಮರೆತಿತ್ತು.

ಇವತ್ತು ನಾಲ್ಕನೇ ದಿನ. ಬಸ್ಸು ನಿಂತಿತು. ಬಟಾಣಿ ಹಿಂದೆ ತಿರುಗಿ, ಖಾಲಿ ಕುರ್ಚಿಗಳನ್ನು ಗದರಿಸುತ್ತಾ, "ಒಬ್ಬೊಬ್ರೇ ಇಳೀರಿ! ಅಜ್ಜಿ ಬಿದ್ದೋಗತ್ತೆ!" ಎಂದಳು. ಯಾವ ಅಜ್ಜಿ? ನಾನು ಯಾವ ಅಜ್ಜಿಯನ್ನೂ ಹತ್ತಿಸಿರಲಿಲ್ಲ. ಅವಳೇ ಎಲ್ಲೋ ಒಂದು ಸ್ಟಾಪಿನಲ್ಲಿ ಹತ್ತಿಸಿಕೊಂಡಿದ್ದಾಳೆ! ಆ ಅಜ್ಜಿ ಯಾರು, ಎಲ್ಲಿಗೆ ಹೋಗಬೇಕು, ಚೀಲದಲ್ಲಿ ಏನಿದೆ ಅಂತ ಕೇಳಿದೆ. ಚೀಲದಲ್ಲಿ ಬೆಕ್ಕಿದೆಯಂತೆ. ಬೆಕ್ಕಿಗೆ ಟಿಕೆಟ್ ಬೇಡವಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ನಿಜವಾದ ಬಸ್ಸಾಗಿದ್ದರೆ ಅಲ್ಲೇ ಹಾರನ್ನು ಹೊಡೆಯುತ್ತಿದ್ದೆ.

ಏಪ್ರಿಲ್ 26

ಇವತ್ತು ನನ್ನ ಹುಟ್ಟಿದ ದಿನ. ಯಾರಿಗೂ ನೆನಪಿಲ್ಲ ಅಂದುಕೊಂಡಿದ್ದೆ. ಸಂಜೆ ಏಳೂಕಾಲಿಗೆ ಸೊಸೆ ಚೀಲದಿಂದ ಟೀವಿಯ ವೈರು ತೆಗೆದು ನನ್ನ ಮುಂದಿಟ್ಟಳು. "ಮಾವ, ಇವತ್ತೊಂದಿನ ಅರ್ಧ ಗಂಟೆ ನೋಡಿ. ನಾನು ಬಟಾಣಿನ ಟೆರೇಸಿಗೆ ಕರ್ಕೊಂಡು ಹೋಗ್ತೀನಿ" ಎಂದಳು. ಒಳ್ಳೆಯ ಹುಡುಗಿ. ನನ್ನ ಹೆಂಡತಿ ಇದ್ದಿದ್ದರೆ ಇವಳನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು.

ವೈರು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಬಟಾಣಿ ಬಂದು ಬಸ್ಸಿನ ಚಕ್ರದಲ್ಲಿ ಗಾಳಿ ಇಲ್ಲ, ಅಜ್ಜಿಯ ಬೆಕ್ಕು ಇಳಿದು ಓಡಿಹೋಯಿತು, ಚಿಕ್ಕಪ್ಪನ ಡಬ್ಬಿಯ ಹಿಟ್ಟೆಲ್ಲ ಚೆಲ್ಲಿಹೋಯಿತು ಎಂದಳು. ಅದನ್ನು ಸರಿಮಾಡದೆ ಕೂರಲಾದೀತೇ? ಎದ್ದು ಹೋದೆ. ಚಕ್ರ ಬದಲಿಸಿ, ಬೆಕ್ಕು ಹುಡುಕಿ, ಹಿಟ್ಟು ಗುಡಿಸಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಊಟಕ್ಕೆ ಕೂತು ಮಗ ತಾನು ಹುಡುಗನಾಗಿದ್ದಾಗ ನನ್ನ ಬಸ್ಸಿನಲ್ಲಿ ನನಗೆ ತಿಳಿಯದಂತೆ ಎರಡು ಸಲ ಬಂದದ್ದನ್ನು ಹೇಳಿದ. ಹಿಂದಿನ ಸೀಟಿನಲ್ಲಿ ಕೂತು ನನ್ನ ಬೆನ್ನು ನೋಡುತ್ತಿದ್ದನಂತೆ. ಮಾತಾಡಿಸಬೇಕು ಅನಿಸುತ್ತಿತ್ತಂತೆ, ಧೈರ್ಯ ಬರಲಿಲ್ಲವಂತೆ. "ಕರೆಯಬೇಕಿತ್ತಲ್ಲೋ" ಎಂದೆ. ಅವನು ನಕ್ಕ. ಆಮೇಲೆ ಅವನ ತಟ್ಟೆಗೆ ನಾನೇ ಎರಡು ಸಲ ಬಡಿಸಿದೆ. ಮಲಗುವವರೆಗೆ ಇಬ್ಬರೂ ಹಳೆಯ ರೂಟುಗಳ ಮಾತಾಡಿದೆವು.

ವೈರು ಎಲ್ಲಿಟ್ಟೆನೋ ನೆನಪಿಲ್ಲ. ನಾಳೆ ಸೊಸೆ ಕೇಳುವುದರೊಳಗೆ ಹುಡುಕಬೇಕು.

ಮೇ 3

ಬೆಳಿಗ್ಗೆ ಹೊರಡುವ ಮುಂಚೆ ಸೊಸೆ ರಜದ ಕಾಗದವನ್ನು ಲಕೋಟೆಯಲ್ಲಿ ಹಾಕಿ ಚೀಲದಲ್ಲಿಟ್ಟುಕೊಂಡಳು. ಮೇಡಂ ಹೋಗಬೇಕು ಅಂದರೆ ಅಲ್ಲಿಂದ ನೇರವಾಗಿ ಅಂಗಡಿಗೆ ಹೋಗಿ ಕೊಡುವುದು ಅಂತ. ಜೀವ ಅಂಗೈಯಲ್ಲಿ ಹಿಡಿದುಕೊಂಡು ಹೋದೆವು. ನಾನು ಮೂಲೆಯ ಕುರ್ಚಿಯಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ನನ್ನಿಂದ ಕೆಲಸ ಕೆಡಬಾರದು.

ಮೇಡಂ ನಾಯಿಯ ಗೊಂಬೆ ತೋರಿಸಿದರು. ಬಟಾಣಿ ಸುಮ್ಮನಿದ್ದಳು. ಮೇಡಂ ಕಾದರು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಸೊಸೆ ಚೀಲದ ಬಾಯಿಯನ್ನು ಹಿಂಡುತ್ತಿದ್ದಳು.

"ಇದಕ್ಕೆ ಎರಡೂ ಕಿವಿ ಇದೆ" ಎಂದಳು ಬಟಾಣಿ.

ಆಮೇಲೆ ಅವಳ ಬಾಯಿಯ ಬೀಗ ತೆರೆದುಕೊಂಡಿತು. ನಮ್ಮ ರಸ್ತೆಯ ನಾಯಿಗೆ ಒಂದೇ ಕಿವಿ ಅಂದಳು. ಚಿತ್ರದ ಬಸ್ಸಿಗೆ ಡ್ರೈವರ್ ಇಲ್ಲ ಅಂದಳು. ಮೇಡಂ ನಿನ್ನ ಬಳೆ ನನಗೆ ಕೊಡ್ತೀಯಾ ಅಂದಳು. ಮೇಡಂ ಬರೆಯುತ್ತಾ ಬರೆಯುತ್ತಾ ಕೊನೆಗೆ ಬರೆಯುವುದನ್ನೇ ಬಿಟ್ಟು ಕೇಳುತ್ತಾ ಕೂತರು. ಕೆಲವು ಮಾತು ಇನ್ನೂ ತೊದಲುತ್ತವೆ, ಇಲ್ಲಿಗೇ ವಾರಕ್ಕೊಮ್ಮೆ ಬಂದರೆ ಸಾಕು, ಕೇಂದ್ರದ ಜಾಗವನ್ನು ಬೇರೆ ಮಗುವಿಗೆ ಕೊಡೋಣ ಎಂದರು. ಸೊಸೆ ಲಕೋಟೆ ತೆಗೆದು ಅಲ್ಲೇ ನಾಲ್ಕು ಚೂರು ಮಾಡಿದಳು. ಮಗ ಆ ಚೂರುಗಳನ್ನು ಅವಳ ಕೈಯಿಂದ ಇಸಿದುಕೊಂಡು ಎಂಟು ಮಾಡಿದ. ನಾನು ಬಾಯಿಯಿಂದ ಕೈ ತೆಗೆದೆ. ಅಳು ಬಂದುಬಿಟ್ಟಿತ್ತು, ಮತ್ತೆ ಮುಚ್ಚಿಕೊಂಡೆ.

ಮೇಡಂ ನನ್ನ ಕಡೆ ತೋರಿಸಿ, "ಪುಟ್ಟಿ, ಅಲ್ಲಿ ಕೂತಿದಾರಲ್ಲ, ಅವರು ಯಾರು?" ಅಂತ ಕೇಳಿದರು.

"ನನ್ ತಾತ" ಎಂದಳು. ಆಮೇಲೆ ಮೇಡಂ ಹತ್ತಿರ ಬಾಗಿ, ಗುಟ್ಟು ಹೇಳುವವಳಂತೆ, ಆದರೆ ಇಡೀ ಕೋಣೆಗೆ ಕೇಳಿಸುವಷ್ಟು ಜೋರಾಗಿ, "ಮೊದ್ಲು ತಾತಂಗೆ ಮಾತು ಬರ್ತಿರ್ಲಿಲ್ಲ. ಈಗ ಬರತ್ತೆ" ಎಂದಳು.

"ಹೌದಾ! ಯಾರು ಕಲಿಸಿದ್ದು?"

"ನಾನು."

ಎಲ್ಲರೂ ನಕ್ಕರು. ಮಕ್ಕಳು ಏನೇನೋ ಅನ್ನುತ್ತವೆ, ನನಗೆ ಮಾತು ಬಾರದೇ ಇತ್ತೇ ಅಂತ ನಾನೂ ನಕ್ಕು ಸೊಸೆಯ ಮುಖ ನೋಡಿದೆ. ಅವಳು ಚೀಲದ ಬಾಯಿ ಮುಚ್ಚತೊಡಗಿದಳು. ಮಗನ ಕಡೆ ತಿರುಗಿದೆ. ಅವನು ಬಟಾಣಿಯ ತಲೆ ನೇವರಿಸುತ್ತಾ, "ಹೂಂ ಅಪ್ಪ, ಅವಳೇ" ಎಂದ.